ಹೊಸದುರ್ಗಕ್ಕೆ ತಂಪು ಹೊರುವ ಎತ್ತಪ್ಪ

ಬೆಳಗಿನ ಐದೂಮುಕ್ಕಾಲು. ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು 'ಹೊಳಲ್ಕೆರೆ, ಹೊಳ್ಕೆರೆ, ಹೊಳ್ಕ್ರೇ' ಎಂದು ಕೂಗಿಗೊಂದು ಅಕ್ಷರ ನುಂಗುತ್ತಿದ್ದಾನೆ. ಹೊಸದುರ್ಗದ ಸರದಿ ಬರುವಷ್ಟರಲ್ಲಿ ಅವನ ಬಾಯಲ್ಲಿ ಉಳಿಯುವುದು ಬರೀ 'ಸ್ದುರ್ಗ'. ಎತ್ತಪ್ಪ ಯಾವ ಕೂಗಿಗೂ ಅವಸರ ಮಾಡುವವರಲ್ಲ. ಕರಿ ಕಂಬಳಿ ಸುತ್ತಿದ ಪೆಟ್ಟಿಗೆಯನ್ನು ಎದೆಗವಚಿಕೊಂಡು ಹತ್ತುತ್ತಾರೆ. ಎಂಜಿನ್ನಿನಿಂದ ದೂರ, ಬಿಸಿಲು ಬೀಳದ ಮಗ್ಗುಲಲ್ಲಿ ಒಂದು ಸೀಟು ನೋಡಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ.

"ಏನ್ ಯಜಮಾನ್ರೆ, ಏಪ್ರಿಲ್ ತಿಂಗ್ಳಲ್ಲಿ ಕಂಬ್ಳೀನಾ? ಒಳಗೆ ಮರಿ ಗಿರಿ ಐತೇನು, ಅರ್ಧ ಟಿಕೆಟ್ ಹರೀಲಾ?"

"ಹರಿಯಪ್ಪ. ಆದ್ರೆ ಅದು ಗಲಾಟೆ ಮಾಡಲ್ಲ, ನಿನ್ ಬಸ್ಸು ಕುಣೀದಂಗೆ ನೋಡ್ಕಾ."

ಒಳಗಿರುವುದು ಮರಿಯಲ್ಲ, ಇನ್ಸುಲಿನ್. ಸಕ್ಕರೆ ಕಾಯಿಲೆಯವರ ದಿನದ ಅನ್ನದಷ್ಟೇ ಮುಖ್ಯವಾದ, ಬಿಸಿ ತಾಗಿದರೆ ಕೆಡುವ ಔಷಧಿ. ಐವತ್ತೆರಡರ ಎತ್ತಪ್ಪ ಚಿತ್ರದುರ್ಗದ ಲಕ್ಷ್ಮೀಕಾಂತ್ ಅವರ ಸಗಟು ಔಷಧಿ ಏಜೆನ್ಸಿಯ ಆಳು. ವಾರಕ್ಕೆ ಮೂರು ದಿನ, ಹೊಳಲ್ಕೆರೆ ಹಾದು ಹೊಸದುರ್ಗದವರೆಗೆ ಒಂಬತ್ತು ಅಂಗಡಿ, ನಲವತ್ತು ಬಾಟಲಿ. ತೊಂಬತ್ಮೂರರಲ್ಲಿ ಈ ಲೈನು ಶುರುವಾಗುವ ಮುಂಚೆ ಹೊಸದುರ್ಗದವರು ಒಂದು ಬಾಟಲಿಗಾಗಿ ಇಡೀ ದಿನ ಬಸ್ಸಿನಲ್ಲಿ ಕಳೆಯುತ್ತಿದ್ದರು. ತಂದ ಬಾಟಲಿ ದಾರಿಯಲ್ಲೇ ಕಾದು ಹೋಗುತ್ತಿತ್ತು.

ಎತ್ತಪ್ಪ ಹುಟ್ಟಿದ್ದು ಹಿರಿಯೂರು ಕಡೆಯ ಗೊಲ್ಲರ ಹಟ್ಟಿಯಲ್ಲಿ. ಇಪ್ಪತ್ತೈದು ವರ್ಷ ಕುರಿ ಹಿಂದೆ ಅಲೆದವರು. ಓದು ನಾಲ್ಕನೇ ಕ್ಲಾಸು. ತಂಪಿನ ಪಾಠವನ್ನು ಮಾತ್ರ ಅವರು ಪೆಟ್ಟು ತಿಂದೇ ಕಲಿತಿದ್ದಾರೆ.

ತೊಂಬತ್ತೇಳರ ಮಾತು. ಐಸ್‌ಕ್ಯಾಂಡಿ ಗಾಡಿಯವನು ಮಂಜುಗಡ್ಡೆಗೆ ಕಲ್ಲುಪ್ಪು ಸುರಿಯುವುದನ್ನು ಎತ್ತಪ್ಪ ನೋಡಿದ್ದರು. ಕ್ಯಾಂಡಿ ಕರಗದಿದ್ದರೆ ಔಷಧಿಯೂ ಕೆಡದು ಅನ್ನಿಸಿತು. ತಾವೂ ಒಂದು ಬೊಗಸೆ ಉಪ್ಪು ಹಾಕಿ ಬಾಟಲಿಗಳನ್ನು ಮಂಜಿನೊಳಗೆ ಹೂತರು. ಇನ್ಸುಲಿನ್ ಕಲ್ಲಾಯಿತು, ದಾರಿಯಲ್ಲಿ ಕರಗಿತು, ಅಂಗಡಿ ಸೇರಿತು. ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್‌ಗೆ ಕಸುವಿರುವುದಿಲ್ಲ ಎಂದು ಆಗ ಅವರಿಗೆ ಯಾರು ಹೇಳಿದ್ದರು? ಹೊಸದುರ್ಗದಲ್ಲಿ ರೊಟ್ಟಿ ಮಾಡಿ ಮಾರುವ ಹೊನ್ನಕ್ಕ ಅದನ್ನೇ ಚುಚ್ಚಿಕೊಂಡು ಎಂಟು ದಿನ ಆಸ್ಪತ್ರೆಯಲ್ಲಿದ್ದರು. ಕದ್ದು ಸಿಹಿ ತಿಂದಿರಬೇಕೆಂದು ಮನೆಯವರೆಲ್ಲ ಆಕೆಯನ್ನೇ ಬೈದರು.

ಕಂಪನಿಯ ಪ್ರತಿನಿಧಿ ಬಂದು, ಟೈ ಸರಿಮಾಡಿಕೊಳ್ಳುತ್ತಾ, "ಸೀ ಎತ್ತಪ್ಪಾ, ಜಸ್ಟ್ ಶೇಕ್ ಮಾಡಿ ನೋಡಿ" ಎಂದು ಬಾಟಲಿ ಅಲ್ಲಾಡಿಸಿದಾಗ ಒಳಗೆ ಒಡೆದ ಹಾಲಿನಂಥ ಕರಣೆ ತೇಲಿತು. ಪ್ರತಿನಿಧಿಯ ರಾಗವನ್ನು ಎತ್ತಪ್ಪ ಈಗಲೂ ಅಣಕಿಸಿ ತೋರಿಸುತ್ತಾರೆ, ಇಲ್ಲದ ಟೈಯನ್ನೂ ಎಳೆದುಕೊಂಡು. ಆಮೇಲೆ ನಗು ನಿಲ್ಲುತ್ತದೆ. "ಅವತ್ತೇ ಆಯಮ್ಮನ ಮನೀಗ್ ಹೋದೆ. ಅಕ್ಕ, ನೀನು ಏನೂ ತಿಂದಿಲ್ಲ, ತಪ್ಪು ನಂದು ಅಂದೆ. ಎಲ್ಲಾರ ಮುಂದೇನೇ ಅಂದೆ."

ಕಂಬಳಿ ಬಂದದ್ದು ಆಮೇಲೆ. ತಾಯಿ ಕೆಂಚಕ್ಕನೇ ದಾರಿ ತೋರಿಸಿದ್ದು. "ಕಂಬ್ಳಿ ಬಿಸಿ ಕೊಡಲ್ಲ ಕಣಪ್ಪ, ಒಳಗಿರಾದ್ನ ಹೊರಗ್ ಬಿಡಲ್ಲ, ಹೊರಗಿರಾದ್ನ ಒಳಗ್ ಬಿಡಲ್ಲ" ಎಂದು ಹಳೆಯ ಕಂಬಳಿ ಹರಿದು ಕೊಟ್ಟರು. ಒಂದು ತುಂಡು ಮಂಜಿಗೂ ಬಾಟಲಿಗೂ ನಡುವೆ, ಇನ್ನೊಂದು ಪೆಟ್ಟಿಗೆಯ ಹೊರಗೆ. ಏಳು ಬೇಸಿಗೆ ದಾಟಿವೆ. ದಾರಿಯಲ್ಲಿ ಒಂದು ಬಾಟಲಿಯೂ ಕೆಟ್ಟಿಲ್ಲ.

ಆದರೂ ಈ ವರ್ಷ, ಎರಡು ಸಾವಿರದ ನಾಲ್ಕರಲ್ಲಿ, ಲೈನಿಗೇ ಕುತ್ತು ಬಂದಿದೆ. ಅಂಗಡಿಗಳಲ್ಲಿ ಕೆಟ್ಟ ಮಾಲನ್ನು ಕಂಪನಿ ವಾಪಸ್ ತಗೊಳ್ಳುವುದಿಲ್ಲ, ನಷ್ಟ ಏಜೆನ್ಸಿಯ ತಲೆಗೇ ಬರುತ್ತದೆ. "ನಾನು ಛತ್ರ ಇಟ್ಟಿಲ್ಲ ಎತ್ತಪ್ಪ, ಅಂಗಡಿ ಇಟ್ಟಿದೀನಿ. ಈ ಬೇಸಿಗೇಲಿ ಒಂದು ಬಾಟ್ಲಿ ಕೆಟ್ರೂ ಹೊಸದುರ್ಗ ಬಂದ್" ಎಂದಿದ್ದಾರೆ ಲಕ್ಷ್ಮೀಕಾಂತ್. ಹೊಸದುರ್ಗದಲ್ಲಿ ಈ ಪೆಟ್ಟಿಗೆಯನ್ನೇ ನಂಬಿದವರು ಇಪ್ಪತ್ಮೂರು ಜನ.

ಬಸ್ಸು ಹೊಸದುರ್ಗ ಮುಟ್ಟಿದಾಗ ಬಿಸಿಲು ಏರಿದೆ. ಬಾಲರಾಜು ಅವರ ಮೆಡಿಕಲ್ ಸ್ಟೋರಿನ ಬೆಂಚಿನ ಮೇಲೆ ಹೊನ್ನಕ್ಕ ಕೂತಿದ್ದಾರೆ. ಎತ್ತಪ್ಪ ಹೊಸ ಮಾಲು ಇಡಲು ಫ್ರಿಜ್ ತೆಗೆಯುತ್ತಾರೆ. ಹೋದ ವಾರದ ಆರು ಬಾಟಲಿ ಮೇಲಿನ ಐಸಿನ ಖಾನೆಯಲ್ಲಿವೆ.

"ಕರೆಂಟು ಹೋಗಿ ಹೋಗಿ ಬರ್ತಿತ್ತು. ತಂಪು ಜಾಸ್ತಿ ಇರ್ಲಿ ಅಂತ ಅಲ್ಲಿಟ್ಟೆ" ಎನ್ನುತ್ತಾರೆ ಬಾಲರಾಜು.

ಅಂಗೈಯಲ್ಲಿ ಕರಗಿಸಿ ಅಲ್ಲಾಡಿಸಿದರೆ ಆರರಲ್ಲೂ ಅದೇ ಕರಣೆ. ಬಾಲರಾಜು ದನಿ ತಗ್ಗಿಸುತ್ತಾರೆ. "ಸುಮ್ನಿರು ಮಾರಾಯ. ನೀನು ಬಾಯಿ ಬಿಟ್ರೆ ನಿನ್ ಲೈನೂ ಹೋಯ್ತು, ನನ್ ಗಿರಾಕೀನೂ ಹೋದ್ರು."

"ಬೈಯಾಕೆ ನಂಗೆ ಬಾಯಿಲ್ಲ ಬಾಲಣ್ಣ. ಇದೇ ತಪ್ಪು ನಾನೂ ಮಾಡೀನಿ. ಆದ್ರೆ ಕೆಟ್ಟಿದ್ದು ಕೆಟ್ಟಿದ್ದೇ." ಎತ್ತಪ್ಪ ಆರನ್ನೂ ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಪೆಟ್ಟಿಗೆಯಿಂದ ಹೊಸದೊಂದು ತೆಗೆದು ಹೊನ್ನಕ್ಕನ ಕೈಗೆ ಕೊಡುತ್ತಾರೆ.

"ಲೇ ಎತ್ತಪ್ಪ, ಬರೋ ಸೋಮವಾರ ಬರ್ತೀಯೋ ಇಲ್ವೋ?" ಹೊನ್ನಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ.

"ಸಾಹುಕಾರ್ರನ್ನ ಕೇಳ್ಬೇಕಕ್ಕ."

ಸಂಜೆ ನಾಲ್ಕಕ್ಕೆ ಏಜೆನ್ಸಿಯ ಮೇಜಿನ ಮೇಲೆ ಆರು ಬಾಟಲಿ ಸಾಲಾಗಿ ನಿಲ್ಲುತ್ತವೆ. ಲಕ್ಷ್ಮೀಕಾಂತ್ ಒಂದೊಂದನ್ನೂ ಅಲ್ಲಾಡಿಸಿ ನೋಡುತ್ತಾರೆ. ಮುಖ ಗಂಟಾಗುತ್ತದೆ.

"ಅಲ್ಲಯ್ಯ, ಇದನ್ನ ಅಲ್ಲೇ ಬಿಟ್ಟು ಬಂದಿದ್ರೆ ನಂಗೆ ಗೊತ್ತಾಗ್ತಿತ್ತಾ?"

"ಇಲ್ಲ ಸಾ."

"ಮತ್ತೆ?"

"ಚುಚ್ಕಂಡೋರಿಗೆ ಗೊತ್ತಾಗ್ತಿತ್ತು. ನಿಮ್ ಅಂಗಡಿ ಹೆಸ್ರೇ ಹೇಳ್ತಿದ್ರು ಸಾ."

ಲಕ್ಷ್ಮೀಕಾಂತ್ ಆರೂ ಬಾಟಲಿಗಳನ್ನು ಬದಿಗೆ ಸರಿಸಿ ಏಳುತ್ತಾರೆ. ಆಮೇಲೆ ಗೋದಾಮಿನಿಂದ ಇನ್ನೊಂದು ಪೆಟ್ಟಿಗೆ ತಂದು ಮುಂದಿಡುತ್ತಾರೆ, ಖಾಲಿ. "ಸೋಮವಾರದಿಂದ ಎರಡು ಹೊರು. ಒಂದರಲ್ಲಿ ಮಾಲು. ಇನ್ನೊಂದರಲ್ಲಿ ಕೆಟ್ಟಿದ್ದು ಸಿಕ್ಕರೆ ತಗೊಂಡ್ ಬಾ. ಒಂಬತ್ತೂ ಅಂಗಡಿ ಫ್ರಿಜ್ಜು ತೆಗೆದು ನೋಡು. ನಷ್ಟ ಏಜೆನ್ಸೀದು. ಕೆಟ್ಟ ಮಾಲು ಮಾರಿದ ಹೆಸರು ಮಾತ್ರ ಬೇಡ."

ಎತ್ತಪ್ಪ ಎರಡೂ ಪೆಟ್ಟಿಗೆ ಎತ್ತಿ ತೂಕ ನೋಡುತ್ತಾರೆ. ಖಾಲಿ ಪೆಟ್ಟಿಗೆಗೂ ಒಂದು ಕಂಬಳಿ ಹುಡುಕಬೇಕೇ ಎಂದು ಲಕ್ಷ್ಮೀಕಾಂತ್ ಕೇಳಿದರೆ ಎತ್ತಪ್ಪ ತಲೆಯಾಡಿಸುತ್ತಾರೆ.

"ಬ್ಯಾಡ. ಇದು ಹೋದಂಗೇ ಖಾಲಿ ವಾಪಸ್ ಬರ್ಲಿ. ನಂಗಷ್ಟೇ ಸಾಕು."