ಒಲೆಯ ಮುಂದಿನ ಮರೆಗೋಡೆ

ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಮಾಡಿದವನು ನಾನು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಪುಕ್ಕಟೆ ಸಿಕ್ಕಿದ್ದಲ್ಲ ಅದು. ಆದರೆ ಆ ಡಿಗ್ರಿ ಕೈಗೆ ಬರುವ ಮೂರು ವರ್ಷ ಮೊದಲು, ಅರ್ಧ ಓದಿನ ಹುಮ್ಮಸ್ಸಿನಲ್ಲಿ ನಮ್ಮ ಮನೆಯ ಒಂದು ಗೋಡೆ ಕೆಡವಿಸಿದ್ದೆ. ಅದನ್ನೂ ಹೇಳಬೇಕು.

ಅಫಜಲಪುರದಿಂದ ಎರಡು ಹರದಾರಿ ದೂರ, ಭೀಮಾ ದಂಡೆಯ ಹಳ್ಳಿ ನಮ್ಮದು. ಮನೆ ಎಂದರೆ ಕಲ್ಲು ಮಣ್ಣಿನ ಉದ್ದನೆಯ ಒಂದೇ ಕೋಣೆ, ಮೇಲೆ ಮಣ್ಣಿನ ಮಾಳಿಗೆ. ಒಂದು ತುದಿಗೆ ಎತ್ತು, ಇನ್ನೊಂದು ತುದಿಗೆ ಒಲೆ, ನಡುವೆ ಮುತ್ಯಾನ ಹಾಸಿಗೆ. ಅಪ್ಪನ ಅಪ್ಪನಿಗೆ ನಾವು ಮುತ್ಯಾ ಅನ್ನುತ್ತೇವೆ. ಅವನ ಹಾಸಿಗೆಗೂ ಒಲೆಗೂ ಮಧ್ಯೆ ಎದೆಮಟ್ಟದ ಒಂದು ಮಣ್ಣಿನ ಗೋಡೆ ಇತ್ತು. ಮಾಳಿಗೆ ಹೊರುವ ಗೋಡೆಯಲ್ಲ, ಬರೇ ಮರೆ. ಒಲೆಯ ಕಡೆಯ ಮೈ ಹೊಗೆ ಹಿಡಿದು ಕರ್ರಗೆ, ಮುತ್ಯಾನ ಕಡೆಯ ಮೈ ಅವ್ವ ವಾರಕ್ಕೊಮ್ಮೆ ಸಾರಿಸುತ್ತಿದ್ದ ಸಗಣಿಯಿಂದ ಹಸಿರು.

ನಮ್ಮಲ್ಲಿ ಸೊಸೆಯಾದವಳು ಮಾವನ ಎದುರು ಕೂಡುವಂತಿರಲಿಲ್ಲ, ಮಾತಾಡುವಂತಿರಲಿಲ್ಲ, ಉಣ್ಣುವ ಮಾತಂತೂ ದೂರ. ಎದುರು ಎಂದರೆ ಕಣ್ಣೆದುರು. ಗೋಡೆಯ ಹಿಂದೆ ಇದ್ದರೆ ಎದುರಿದ್ದ ಹಾಗಲ್ಲ. ಈ ಲೆಕ್ಕವನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಎಲ್ಲರೂ ಪಾಲಿಸುತ್ತಿದ್ದರು. ಅವ್ವ ಆ ಗೋಡೆಯ ಹಿಂದೆ ಕಾಲು ಚಾಚಿ, ಸೆರಗು ಹೆಗಲಿಗೆ ಬಿಟ್ಟು, ರೊಟ್ಟಿ ಬಡಿಯುತ್ತ ಮಾವನ ಜೊತೆ ಊರಿನ ಮಾತೆಲ್ಲ ಆಡುತ್ತಿದ್ದಳು. ಅಪ್ಪನ ಅವ್ವ, ನಮ್ಮ ಆಯಿ, ತೀರಿಕೊಂಡ ಮೇಲೆ ಮುತ್ಯಾನಿಗೆ ಮನೆಯಲ್ಲಿ ಮಾತಿಗೆ ಸಿಗುತ್ತಿದ್ದವಳು ಅವಳೊಬ್ಬಳೇ. ಅಪ್ಪ ಹೊಲಕ್ಕೆ ಹೋದರೆ ಹೊತ್ತು ಮುಳುಗಿದ ಮೇಲೆ ಬರುವವನು, ಬಂದರೂ ಮಾತು ಕಡಿಮೆ.

ಅವ್ವನ ತವರು ಆಳಂದದ ಕಡೆ, ಜಿಡಗಾದ ಹತ್ತಿರ. ಮುತ್ಯಾನ ಮಾತು ದಿನಾ ಅಲ್ಲಿಂದಲೇ ಶುರುವಾಗುತ್ತಿತ್ತು.

“ಆಳಂದದ ಕಡೀ ಮಂದಿಗಿ ಸಾರಿನಾಗ ಬೆಲ್ಲಾ ಹಾಕೂದು ಯಾರು ಕಲಿಸ್ಯಾರೋ ಏನೋ.”

“ಭೀಮಾ ದಂಡೀ ಮಂದಿಗಿ ಖಾರ ತಿಂದ ತಿಂದ ನಾಲಿಗಿ ಸುಟ್ಟಾವ್ರಿ ಮಾವಾರ. ಬೆಲ್ಲದ ರುಚಿ ಹೆಂಗ ಹತ್ತಬೇಕು.”

ಹೀಗೆ ಅಂದು ಅವಳು ಊಟದ ಗಂಗಾಳವನ್ನು ಗೋಡೆಯ ತಲೆಯ ಮೇಲೆ ಇಡುವಳು. ಮುತ್ಯಾ ಎದ್ದು ತೆಗೆದುಕೊಳ್ಳುವನು. ಅದೇ ಅವ್ವ ಗೋಡೆ ದಾಟಿ ನೀರಿಗೆ ಹೊರಟರೆ ಸೆರಗು ಮೂಗಿನವರೆಗೆ ಇಳಿಯುತ್ತಿತ್ತು, ಬಾಯಿ ಮುಚ್ಚುತ್ತಿತ್ತು. ಮುತ್ಯಾನೂ ಮುಖ ತಿರುಗಿಸಿ ಎತ್ತಿನ ಕಡೆ ನೋಡುತ್ತಿದ್ದ.

ನಾನು ಕಲಬುರ್ಗಿಯಲ್ಲಿ ಇಂಟರ್ ಓದುತ್ತಿದ್ದ ವರ್ಷ. ಚಳಿಗಾಲದ ಸೂಟಿಗೆ ಊರಿಗೆ ಬಂದಾಗ ಮುತ್ಯಾನಿಗೆ ದಮ್ಮು ಹೆಚ್ಚಾಗಿತ್ತು. ಬೆಳಗಿನ ಜಾವದಿಂದ ಬಿಸಿಲು ಏರುವವರೆಗೆ ಉಸಿರು ಸೀಟಿ ಹೊಡೆದಂತೆ ಬರುತ್ತಿತ್ತು. ಅಫಜಲಪುರದ ಹಕೀಮರು ಒಂದು ಲೇಹ್ಯ ಕೊಟ್ಟು, “ದವಾಯಿಗಿಂತ ಬೆಚ್ಚಗಿಡೂದು ದೊಡ್ಡದು. ಥಂಡಿ ಹತ್ತಿದ್ರ ಈ ವರ್ಷ ದಾಟೂದು ಕಷ್ಟ ಅದರಿ” ಎಂದು ಅಪ್ಪನಿಗೆ ಹೇಳಿ ಕಳಿಸಿದ್ದರು.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ಹಿಂದಿನ ದಿನಗಳು. ಗಾಳಿ ಕೊಯ್ಯುತ್ತಿತ್ತು. ಒಲೆಯಲ್ಲಿ ತೊಗರಿ ಕಟ್ಟಿಗೆ ಧಗಧಗ ಉರಿಯುತ್ತಿದ್ದರೂ ಗೋಡೆಯ ಈಚೆ ಮುತ್ಯಾ ಎರಡು ಕೌದಿ, ಒಂದು ಕಂಬಳಿ ಹೊದ್ದು ನಡುಗುತ್ತಿದ್ದ. ನಾನು ಅದನ್ನು ನೋಡಿದೆ. ನೋಡಿದ್ದು ಸರಿ, ತಿಳಿದುಕೊಂಡದ್ದು ಅರ್ಧ. ನಿಜಾಮರ ಕಾಲ, ಕಲಿಸುವುದೆಲ್ಲ ಉರ್ದುವಿನಲ್ಲಿ. ಉಷ್ಣಕ್ಕೆ ‘ಹರಾರತ್’ ಎಂದು ಬಾಯಿಪಾಠ ಮಾಡಿದ್ದೆ. ಅದನ್ನು ಮನೆಯವರಿಗೆ ನಮ್ಮ ಮಾತಿನಲ್ಲಿ ಹೇಳಲು ಬಾರದೆ ಇದ್ದಿಲು ತೆಗೆದುಕೊಂಡು ನೆಲದ ಮೇಲೆ ಚಿತ್ರ ಬರೆದೆ. ಇದು ಒಲೆ, ಇದು ಗೋಡೆ, ಇದು ಮಾಳಿಗೆಯ ಬೆಳಕಿಂಡಿ. ಉರಿಯ ಕಾವು ಗೋಡೆಗೆ ಬಡಿದು ಮೇಲೆ ಹೋಗಿ ಬೆಳಕಿಂಡಿಯಿಂದ ಹೊರಗೆ ಓಡುತ್ತದೆ. ಗೋಡೆ ತೆಗೆದರೆ ನೇರ ಮುತ್ಯಾನ ಎದೆಗೆ.

ಅಪ್ಪ ಚಿತ್ರವನ್ನು ಬಹಳ ಹೊತ್ತು ನೋಡಿದ. “ಬರೋಬ್ಬರಿ ಅದ” ಅಂದ.

ಅವ್ವ ಗೋಡೆಯ ಹಿಂದಿನಿಂದ, “ಗ್ವಾಡಿ ಇರ್ಲಿ ಯಪ್ಪಾ” ಅಂದಳು.

“ಯಾಕಬೇ?” ಅಂದೆ ನಾನು.

“ಬೂದಿ ಹಾರ್ತದ.”

“ಬೂದಿ ತೆಳಗ ಕೂಡ್ತದ. ಅಷ್ಟ ದೂರ ಹಾರಂಗಿಲ್ಲ.”

“ಬೆಕ್ಕು ಹಾಲಿಗಿ ಬಾಯಿ ಹಾಕ್ತದ.”

“ಬೆಕ್ಕಿಗಿ ಈ ಗ್ವಾಡಿ ಯಾವ ಲೆಕ್ಕ?”

“ಮಂದಿ ಒಲೀ ನೋಡಬಾರದು.”

“ಮಂದಿ ಯಾರ ಬರ್ತಾರ ನಮ್ಮ ಮನಿಗಿ?”

ಕಾಲೇಜಿನಲ್ಲಿ ವಾದದ ಪಂದ್ಯ ಗೆದ್ದವನಂತೆ ಒಂದೊಂದನ್ನೂ ಹೊಡೆದು ಹಾಕಿದೆ. ಅವಳು ನಿಜವಾದ ಕಾರಣ ಹೇಳಲೇ ಇಲ್ಲ. ಹೇಗೆ ಹೇಳುತ್ತಾಳೆ? ಮಾವನ ಜೀವ ಒಂದು ತಕ್ಕಡಿಯಲ್ಲಿಟ್ಟು, ನನಗೆ ಕಾಲು ಚಾಚಿ ಕೂಡಲು ಜಾಗ ಬೇಕು ಎನ್ನುವುದನ್ನು ಇನ್ನೊಂದರಲ್ಲಿ ಇಡುವ ಹೆಣ್ಣಲ್ಲ ಅವಳು. ಮುತ್ಯಾನನ್ನು ಕೇಳಿದರೆ ಅವನು, “ಓದಿದ ಹುಡುಗ ಹೇಳಾಕತ್ತಾನ. ಖರೇನ ಇರ್ತದ ಬಿಡ್ರಿ” ಅಂದ. ಅವನ ದನಿಯಲ್ಲಿ ಸಂತೋಷವಿರಲಿಲ್ಲ. ದಮ್ಮಿನ ಆಯಾಸ ಎಂದುಕೊಂಡೆ.

ಮರುದಿನ ಅಪ್ಪ ಹಾರೆ ಹಿಡಿದ, ನಾನು ಬುಟ್ಟಿ ಹಿಡಿದೆ. ಮಧ್ಯಾಹ್ನದೊಳಗೆ ಗೋಡೆ ಅಂಗಳದಲ್ಲಿ ಮಣ್ಣಿನ ಗುಂಪಿಯಾಗಿ ಬಿದ್ದಿತ್ತು.

ಸಂಜೆ ಒಲೆ ಹೊತ್ತಿತು. ಕಾವು ನಾನು ಹೇಳಿದಂತೆಯೇ ಬಂತು, ಅದರಲ್ಲಿ ಸುಳ್ಳಿಲ್ಲ. ಮುತ್ಯಾನ ಮುಖ ಉರಿಯ ಬೆಳಕಿನಲ್ಲಿ ಕೆಂಪಾಯಿತು, ಒಂದು ಕೌದಿ ತೆಗೆದಿಟ್ಟ. ನಾನು ಎದೆ ಉಬ್ಬಿಸಿ ಕೂತಿದ್ದೆ. ಮನೆಯಲ್ಲಿ ಯಾರೂ ಮಾತಾಡುತ್ತಿಲ್ಲ ಎನ್ನುವುದು ಗೊತ್ತಾದದ್ದು ಊಟ ಅರ್ಧವಾದ ಮೇಲೆ.

ಅವ್ವ ನಮಗೆ ಬೆನ್ನು ಮಾಡಿ, ಸೆರಗು ಪೂರ್ತಿ ಎಳೆದುಕೊಂಡು, ತುದಿಗಾಲಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಹೊಗೆ ಸೆರಗಿನೊಳಗೆ ತುಂಬಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಗಂಗಾಳವನ್ನು ನನ್ನ ಕೈಗೆ ಕೊಟ್ಟಳು, ನಾನು ಮುತ್ಯಾನಿಗೆ ಕೊಟ್ಟೆ. ಅವಳು ಉಂಡದ್ದು ಎತ್ತುಗಳ ಹಿಂದೆ, ಜೋಳದ ಕಣಿಕೆಯ ರಾಶಿಯ ಮರೆಯಲ್ಲಿ.

ಮೂರನೆಯ ದಿನ ಬೆಳಿಗ್ಗೆ ನಾನು ಹೊಳೆಗೆ ಹೋಗಿ ಬರುವಾಗ ಮುತ್ಯಾ ಹೊರಗಿನ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ಬಿಸಿಲು ಇನ್ನೂ ಬಂದಿರಲಿಲ್ಲ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು.

“ಏ ಮುತ್ಯಾ, ಒಳಗ ಅಷ್ಟ ಬೆಂಕಿ ಉರಿಯಾಕತ್ತದ. ಇಲ್ಲಿ ಗಾಳ್ಯಾಗ ಯಾಕ ಕುಂತಿ?”

“ಸುಮ್ಮ.”

“ಹಕೀಮರು ಏನ ಹೇಳ್ಯಾರ? ಜೀವಾ ಬ್ಯಾಸರಾಗ್ಯಾದೇನು?”

ಅವನು ಉಸಿರು ಹಿಡಿದು ಹಿಡಿದು ಹೇಳಿದ. “ನಾ ಒಳಗ ಕುಂತ್ರ ಆಕಿ ಕೂಡಂಗಿಲ್ಲ ತಮ್ಮಾ. ಎರಡ ದಿನಾತು, ಆಕಿ ಒಲೀ ಮುಂದ ಒಂದ ತುತ್ತ ಬಾಯಾಗ ಹಾಕಿಲ್ಲ. ನಾ ಹೊರಗ ಬಂದ್ರ ಜರಾ ಸೆರಗ ಸರಸ್ತಾಳ, ಬಿಸಿ ಇದ್ದಾಗ ಉಣ್ತಾಳ. ಅದಕ್ಕ ಬಂದು ಕುಂತೇನಿ. ಮ್ಯಾಲ ನನಗೂ... ಬೆಚ್ಚಗಿದ್ದು ಏನ ಮಾಡ್ಲಿ? ಎತ್ತಿನ ಕೂಡ ಎಷ್ಟಂತ ಮಾತಾಡ್ಲಿ?”

ಅವನನ್ನು ಬೆಚ್ಚಗಿಡಲು ಗೋಡೆ ಕೆಡವಿದ್ದೆ. ಗೋಡೆ ಕೆಡವಿದ್ದರಿಂದಲೇ ಅವನು ಚಳಿಯಲ್ಲಿ ಕೂತಿದ್ದ.

ಆದರೂ ನಾನು ಸುಲಭಕ್ಕೆ ಸೋಲಲಿಲ್ಲ. ಒಳಗೆ ಹೋಗಿ ಅವ್ವನಿಗೆ, “ಕಾಲ ಬದಲಾಗ್ಯಾದ. ಮಾವನ ಎದುರು ಮಾತಾಡಿದ್ರ ಏನ ಆಕಾಶ ಬೀಳ್ತದ?” ಅಂದೆ.

“ನಿನ್ನ ಬುಕ್ಕಿನಾಗ ಅದೂ ಬರದಾರೇನು?”

ಹಾಗೆ ಅಂದರೂ ಆ ಸಂಜೆ ಅವಳು ಪ್ರಯತ್ನ ಮಾಡಿದಳು. ನನಗಾಗಿ ಮಾಡಿದಳೋ ಅವನಿಗಾಗಿಯೋ, ತಿಳಿಯದು. ಮುತ್ಯಾ ಉಣ್ಣುವಾಗ ರೊಟ್ಟಿ ಹಿಡಿದು ಅರ್ಧ ತಿರುಗಿ, “ಮಾವಾರ, ಇನ್ನೊಂದ...” ಅಂದಳು. ಮುಂದೆ ದನಿ ಹೊರಡಲಿಲ್ಲ. ಮುತ್ಯಾನ ಕೈ ಗಂಗಾಳದಲ್ಲೇ ನಿಂತಿತು. ಅವನು ಅವಳಿಗಿಂತ ಹೆಚ್ಚು ನಾಚಿದ. “ಸಾಕು, ಸಾಕು” ಎಂದು ಎದ್ದೇಬಿಟ್ಟ. ಇಪ್ಪತ್ತು ವರ್ಷ ಆಳಂದ, ಭೀಮಾ ದಂಡೆ ಎಂದು ಜಗಳ ತೆಗೆದು ನಕ್ಕ ಇಬ್ಬರು, ಒಬ್ಬರ ಮುಖ ಒಬ್ಬರು ಕಂಡ ಕೂಡಲೇ ಪರಕೀಯರಾದರು.

ಮರುದಿನ ನಾನೇ ಅಂಗಳದ ಮಣ್ಣಿಗೆ ನೀರು ಹಾಕಿದೆ. ಹೊಟ್ಟು, ಸಗಣಿ ಕೂಡಿಸಿ ತುಳಿದೆ. ಅಪ್ಪ ನೋಡಿ, “ಈಗ ಯಾವ ಚಿತ್ರಾ ತಗೀತಿ?” ಎಂದಷ್ಟೇ ಕೇಳಿ ಹೊಲಕ್ಕೆ ಹೋದ. ನಾನು ಮಣ್ಣು ತುಳಿಯುತ್ತಲೇ ಇದ್ದೆ. ಅವ್ವ ಮಾತ್ರ ಈ ಸಲ ಬಾಯಿಬಿಟ್ಟಳು. ಮುತ್ಯಾ ಹೊರಗೆ ಕಟ್ಟೆಯ ಮೇಲಿದ್ದ ಹೊತ್ತಿನಲ್ಲಿ ಒಲೆಯ ಮುಂದೆ ಕಾಲು ಚಾಚಿ ಕೂತು, “ನನ್ನ ತಲೀ ಮ್ಯಾಲ ನಾಕ ಬೆರಳ ಇರ್ಲಿ, ಸಾಕು. ಮೊದಲಿನಷ್ಟ ಎತ್ತರ ಬ್ಯಾಡ. ಉರಿ ಆ ಕಡೀ ಹಣಿಕಿ ಹಾಕ್ಲಿ” ಅಂದಳು. ಹಾಗೇ ಕಟ್ಟಿದೆವು. ಮುತ್ಯಾನ ಹಾಸಿಗೆಯನ್ನು ಅವಳೇ ಹೇಳಿ ಗೋಡೆಗೆ ತಾಗಿಸಿ ಹಾಕಿಸಿದಳು. ಮೊದಲು ಅದು ಮೂರು ಮೊಳ ಆಚೆ ಇತ್ತು. ಯಾಕೆ ಅಷ್ಟು ದೂರ ಇತ್ತೋ, ಯಾರೂ ಕೇಳಿರಲಿಲ್ಲ.

ಹಸಿ ಮಣ್ಣು ಒಣಗಲು ಐದಾರು ದಿನ ಬೇಕಾಯಿತು. ಅಷ್ಟು ದಿನ ಕೋಣೆಯಲ್ಲಿ ಒದ್ದೆಯ ವಾಸನೆ, ಮುತ್ಯಾನ ಉಸಿರು ಇನ್ನೂ ಬಿಗಿಯಾಗಿ ಮಾತಿಗೆ ದಮ್ಮೇ ಉಳಿಯಲಿಲ್ಲ. ನಾನು ಹೆದರಿ ಹಗಲೆಲ್ಲ ಒಲೆಗೆ ಕುಳ್ಳು ತುಂಬುತ್ತಿದ್ದೆ. ಆಮೇಲೆ ಗೋಡೆ ಒಣಗಿತು, ಕಾದಿತು. ಕಾದ ಮಣ್ಣು ಒಲೆ ಆರಿದ ಮೇಲೂ ಬೆಚ್ಚಗೇ ಇರುತ್ತಿತ್ತು. ಈ ಸಂಗತಿ ನನ್ನ ಪುಸ್ತಕದಲ್ಲೂ ಇತ್ತು, ಬೇರೆ ಪುಟದಲ್ಲಿ. ನಾನು ಆ ಪುಟಕ್ಕೆ ಹೋಗಿರಲಿಲ್ಲ.

ಗೋಡೆ ಕಾದ ದಿನ ಸಂಜೆ ಮುತ್ಯಾ ಅದಕ್ಕೆ ಬೆನ್ನು ಹಚ್ಚಿ ಕೂತ. ಆಚೆ ರೊಟ್ಟಿ ಬಡಿಯುವ ಸಪ್ಪಳ.

“ಯಾರದು ಗ್ವಾಡಿ ಹಿಂದ?” ಅಂದ. “ಎಂಟ ದಿನಾತು ದನೀನ ಇಲ್ಲ. ಎಲ್ಲಿ ಹೋಗಿದ್ದೆವ್ವಾ?”

ರೊಟ್ಟಿಯ ಸಪ್ಪಳ ನಿಂತಿತು.

“ತವರಿಗಿ ಹೋಗಿದ್ನಿರಿ ಮಾವಾರ. ನಿಮ್ಮ ಮೊಮ್ಮಗ ಶಾಣ್ಯಾ ಆಗಿ ಬಂದ ಮನೀ ಬಿಡಿಸಿದ್ದ.”

ಮುತ್ಯಾ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. ನಾನು ನೀರು ತರಲು ಎದ್ದೆ. ಅಷ್ಟರಲ್ಲಿ ಗೋಡೆಯ ಮೇಲಿಂದ ಒಂದು ಕೈ ತಂಬಿಗೆ ಹಿಡಿದು ಈಚೆ ಬಂದಿತ್ತು.