ಹೊಸ ಗಡಿಗೆಯ ನೀರು

ಗ್ಲಾಸನ್ನು ಮೂಗಿನ ಹತ್ತಿರ ತಂದಾಗ ದ್ರಾಕ್ಷಿಯ ವಾಸನೆಗಿಂತ ಮೊದಲು ಹಸಿ ಮಣ್ಣಿನ ವಾಸನೆ ಬಂತು...

ಶಾಲೆಯ ಗೆಳತಿಯರೆಲ್ಲ ಕೂಡಿ ಗೋವಾಕ್ಕೆ ಹೋಗಿದ್ದೆವು. ಬೆಳಗ್ಗೆ ಸಮುದ್ರದಂಚಿನ ಗುಡ್ಡದ ಮೇಲೆ ಕಾಲುದಾರಿಯಲ್ಲಿ ನಡೆದೆವು. ಒಂದು ಕಡೆ ಗೇರುಗಿಡ, ಇನ್ನೊಂದು ಕಡೆ ಕಣ್ಣು ಹೋದಷ್ಟು ದೂರ ನೀರು. ಮಧ್ಯಾಹ್ನ ಹೆಂಚಿನ ಮನೆಯೊಂದರ ಜಗಲಿಯಲ್ಲಿ ವೈನ್ ರುಚಿ ನೋಡುವ ಏರ್ಪಾಡಿತ್ತು. ಕಾನ್ವೆಂಟಿನ ಸಿಸ್ಟರ್‌ಗಳ ಕೈಕೆಳಗೆ ಬೆಳೆದ ನಾವು ಪ್ರಾರ್ಥನೆಗೆ ಕುಳಿತವರಂತೆ ಸಾಲಾಗಿ, ಮೊಣಕಾಲು ಜೋಡಿಸಿ ಕುಳಿತಿದ್ದೆವು.

"ಭಾಲ್ಕಿ ಸೊಸಿ ವೈನ್ ಕುಡ್ಯಾಕತ್ಯಾಳ, ನಿಮ್ಮತ್ತಿಗಿ ಫೋಟೊ ಕಳಸ್ಲೇನ?" ಎಂದು ಪಕ್ಕದ ಗೆಳತಿ ಕಾಡಿದಳು.

"ಕಳಸು. ಮುಂದಿನ ಸಲ ಆಕಿನೂ ಬರ್ತಾಳ."

ರುಚಿ ತೋರಿಸುತ್ತಿದ್ದ ಹೆಂಗಸು, ಕೂಡಲೇ ನುಂಗಬೇಡಿ, ನಾಲಿಗೆಯ ಮೇಲೆ ಇಟ್ಟುಕೊಳ್ಳಿ, ದ್ರಾಕ್ಷಿ ಯಾವ ಮಣ್ಣಿನಲ್ಲಿ ಬೆಳೆಯಿತೆಂದು ತಿಳಿಯುತ್ತದೆ ಎಂದಳು. ನಾನು ಕಣ್ಣು ಮುಚ್ಚಿದೆ. ಹೀಗೆಯೇ ಕಣ್ಣು ಮುಚ್ಚಿ, ಬಾಯಲ್ಲಿ ನೀರು ಹಿಡಿದು ನಿಲ್ಲುತ್ತಿದ್ದ ಕಾಕು ನೆನಪಾದಳು.

ನಾನಾಗ ಬೀದರಿನ ಕಾನ್ವೆಂಟಿನಲ್ಲಿ ಓದುತ್ತಿದ್ದೆ. ಮಳೆ ಕೈಕೊಟ್ಟ ವರ್ಷಗಳು. ಹಳ್ಳಿಗಳ ಜನ ಗಂಟು ಕಟ್ಟಿಕೊಂಡು ಹೈದರಾಬಾದಿಗೋ ಪುಣೆಗೋ ಹೋಗುತ್ತಿದ್ದರು. ಓಣಿಯವರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದ ಆಕೆ ಔರಾದ ಕಡೆಯ ಚಿಂತಾಕಿ ಎಂಬ ಹಳ್ಳಿಯವಳು. ಗಂಡ ಮೊದಲೇ ಹೈದರಾಬಾದು ಸೇರಿ, ನೀನೂ ಬಾ ಎಂದು ಹೇಳಿ ಕಳಿಸುತ್ತಲೇ ಇದ್ದ. ಆಕೆ ಮಾತ್ರ ಬೀದರಿನವರೆಗೆ ಬಂದು, ನಮ್ಮ ಹಿತ್ತಲಿನ ಕೋಣೆಯಲ್ಲಿ ನಿಂತುಬಿಟ್ಟಿದ್ದಳು.

"ನಮ್ಮ ಬಾವ್ಯಾಗ ನೀರ ಬಂದ್ರ ಇಲ್ಲಿಂದನೇ ಹೊಳ್ಳಿ ಊರಿಗಿ ಹೋಗ್ತೇನಿರಿ ಅಕ್ಕಾ," ಎಂದು ಅವ್ವನಿಗೆ ಹೇಳುತ್ತಿದ್ದಳು. "ಹೈದ್ರಾಬಾದಿಗಿ ಹೋದವ್ರು ಯಾರ ಹೊಳ್ಳಿ ಬಂದಾರ ಹೇಳ್ರಿ?"

ಟ್ಯಾಂಕರಿನ ನೀರು ಯಾವ ಯಾವ ಊರಿನ ಬಾವಿಯಿಂದಲೋ ಬರುತ್ತಿತ್ತು. ಬಂದಾಗಲೆಲ್ಲ ಕಾಕು ಮೊದಲು ಬೊಗಸೆ ಒಡ್ಡಿ, ಒಂದು ಗುಟುಕು ಬಾಯಲ್ಲಿ ಹಿಡಿದು ನಿಲ್ಲುತ್ತಿದ್ದಳು. ಆಮೇಲೆ ತಲೆಯಾಡಿಸಿ, "ಇವು ನಮ್ಮವಲ್ಲ," ಎನ್ನುತ್ತಿದ್ದಳು.

"ಏನ್ ಕಾಕು, ತವರಮನಿ ನೀರ ಬಂದಾವೇನ್ ಇವತ್ತ?" ಎಂದು ಓಣಿಯ ಹೆಂಗಸರು ನಗುತ್ತಿದ್ದರು.

"ಇಲ್ಲವ್ವ, ನಿಮ್ಮತ್ತಿ ಮನಿವು. ಬರೇ ಉಪ್ಪು!"

ನನ್ನ ಭೂಗೋಳದ ಪುಸ್ತಕದಲ್ಲಿ ಸಮುದ್ರದ ಚಿತ್ರವಿತ್ತು. ಕಾಕು ಅದರ ಮೇಲೆ ಬೆರಳಾಡಿಸಿ, ಇಷ್ಟು ನೀರಿದ್ದೂ ಕುಡಿಯಲು ಬಾರದೇ ಎಂದು ಬೆರಗಾದಳು. "ಹಂಗಾದ್ರ ಇಷ್ಟ್ ನೀರ ಇಟ್ಕೊಂಡು ದೇವ್ರು ಏನ್ ಮಾಡ್ತಾನ? ನೀ ಹೋದ್ರ ನನಗೊಂದು ಬಾಟ್ಲಿ ತಗೊಂಬಾ ತಂಗಿ, ನೋಡ್ತೇನಿ."

ಒಂದು ಬೇಸಿಗೆಯ ಮಧ್ಯಾಹ್ನ ಕಾಕು ಅಡುಗೆಮನೆಯ ಗಡಿಗೆಯಿಂದ ನೀರು ಕುಡಿದವಳು ಚಂಬು ಹಿಡಿದೇ ನಿಂತಳು. ಗಲ್ಲದಿಂದ ಹನಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಅಕ್ಕಾ... ಇವು ನಮ್ಮ ಬಾವಿ ನೀರ ರೀ. ಖರೇನ!"

ಮರುದಿನವೇ ಅವ್ವ, ನಾನು, ಕಾಕು ಔರಾದಿನ ಬಸ್ಸು ಹತ್ತಿದೆವು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದೆವು. ಕಾಕು ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆ ಉಟ್ಟು, ಕಂಕುಳಲ್ಲಿ ಬಾವಿಯ ಹಗ್ಗ ಇಟ್ಟುಕೊಂಡಿದ್ದಳು. ಬಸ್ಸಿಳಿದ ಮೇಲೆ ಬಿಸಿಲಿನ ಬದುವಿನ ಮೇಲೆ ನಮಗಿಂತ ಮುಂದೆ ಮುಂದೆ ನಡೆದಳು. "ಬರ್ರಿ ಅಕ್ಕಾ, ಪಟ್ಟಣದ ಕಾಲು ನಿಮ್ಮವು," ಎಂದು ತಿರುಗಿ ನಗುತ್ತಿದ್ದಳು. ಆಕೆ ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಬಾವಿಯ ದಂಡೆಯಲ್ಲಿ ನಿಂತು ಒಂದು ಹರಳು ಎಸೆದಳು. ಕಲ್ಲಿಗೆ ಕಲ್ಲು ತಾಗಿದ ಸದ್ದು ಬಂತು. ಇನ್ನೊಂದು ಎಸೆದಳು. ಅದೇ ಸದ್ದು. ಮೂರನೆಯದನ್ನು ಕೈಯಲ್ಲೇ ಇಟ್ಟುಕೊಂಡು ಬಹಳ ಹೊತ್ತು ಕುಳಿತಳು... ಅವ್ವ ಬಿಚ್ಚಿದ ರೊಟ್ಟಿಯನ್ನು ಯಾರೂ ಮುಟ್ಟಲಿಲ್ಲ.

ಮನೆಗೆ ಬಂದ ಮೇಲೆ ಕಾಕು ಹಿತ್ತಾಳೆ ಕೊಡದ ನೀರನ್ನೂ ಗಡಿಗೆಯ ನೀರನ್ನೂ ಒಂದಾದ ಮೇಲೊಂದು ಬಾಯಲ್ಲಿ ಹಿಡಿದು ನೋಡಿದಳು. ಎರಡೂ ಒಂದೇ ಟ್ಯಾಂಕರಿನವು. ಕೊಡದ ನೀರಿನಲ್ಲಿ ಆ ರುಚಿ ಇರಲಿಲ್ಲ. ಆಗ ಅವ್ವನಿಗೆ ನೆನಪಾಯಿತು. ಗಡಿಗೆ ಹೊಸದು. ಆ ವಾರವಷ್ಟೇ ರಸ್ತೆ ಬದಿಯಲ್ಲಿ ಕೊಂಡದ್ದು. ಮಾರಿದ ಕುಂಬಾರ ತಾನು ಚಿಂತಾಕಿಯವನೆಂದೂ, ಊರಲ್ಲಿ ಸುಟ್ಟ ಕೊನೆಯ ಗಡಿಗೆಗಳನ್ನು ಮಾರಿ ಪುಣೆಗೆ ಹೊರಟಿರುವುದಾಗಿಯೂ ಹೇಳಿದ್ದನಂತೆ.

"ನೀರ ಅಲ್ಲಕ್ಕ," ಎಂದಳು ಕಾಕು, ಗಡಿಗೆಯ ಹೊಟ್ಟೆ ಸವರುತ್ತ. "ನಮ್ಮ ಕೆರಿ ಮಣ್ಣು."

ಆಮೇಲೆ ಟ್ಯಾಂಕರ್ ಬಂದಾಗ ಆಕೆ ಬೊಗಸೆ ಒಡ್ಡಲಿಲ್ಲ. ಕೆಲವೇ ದಿನಗಳಲ್ಲಿ ಗಂಡ ಬಂದ. ಹೊರಡುವಾಗ ಕಾಕು ಕೇಳಿದ್ದು ಆ ಗಡಿಗೆಯೊಂದನ್ನೇ. ಅವ್ವ ಅದನ್ನು ಬರಿದು ಮಾಡಿ, ಹಳೆಯ ಸೀರೆ ಸುತ್ತಿ ಕೊಟ್ಟಳು. ಹೈದರಾಬಾದಿನ ಬಸ್ಸಿನಲ್ಲಿ ಕಾಕು ಅದನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕುಳಿತದ್ದು ಈಗಲೂ ಕಣ್ಣಮುಂದಿದೆ. ಬಸ್ಸು ಹೋದ ಮೇಲೆ ಅವ್ವ ಮೆಲ್ಲಗೆ, "ಹೊಸ ಗಡಿಗಿ ರುಚಿ ಎಷ್ಟ ದಿನ ಇರ್ತದ..." ಎಂದಳು. ಕಾಕುವಿಗೂ ಅದು ಗೊತ್ತಿದ್ದಿರಬೇಕು. ಆಕೆ ಮತ್ತೆ ನಮ್ಮ ಓಣಿಗೆ ಬರಲಿಲ್ಲ. ಚಿಂತಾಕಿಗೂ ಬಂದಳೆಂದು ಯಾರೂ ಹೇಳಲಿಲ್ಲ.

ಜಗಲಿಯಲ್ಲಿ ಎಲ್ಲರೂ, ಆ ಹೆಂಗಸು ತೋರಿಸಿಕೊಟ್ಟಂತೆ, ರುಚಿ ನೋಡಿ ಬಾಯಲ್ಲಿದ್ದುದನ್ನು ಬಟ್ಟಲಿಗೆ ಉಗುಳುತ್ತಿದ್ದರು. ನನಗೆ ಆಗಲಿಲ್ಲ, ನುಂಗಿಬಿಟ್ಟೆ. ಗೆಳತಿಯರು ಚಪ್ಪಾಳೆ ತಟ್ಟಿ ನಕ್ಕರು. ಕಣ್ಣಲ್ಲಿ ನೀರು ಬಂದದ್ದಕ್ಕೆ ಅವರಿಗೆ ಕಾರಣ ಸಿಕ್ಕಿತು.

ಸಂಜೆ ಗಾಡಿ ಹತ್ತುವ ಮುನ್ನ ದಂಡೆಗೆ ಇಳಿದು ಒಂದು ಬಾಟಲಿ ಸಮುದ್ರದ ನೀರು ತುಂಬಿಕೊಂಡೆ. ಯಾರಿಗೆ ಎಂದು ಗೆಳತಿ ಕೇಳಿದಳು. ಕಾಕುವಿಗೆ ಎಂದೆ. "ಯಾವ ಕಾಕು? ಎಲ್ಲಿರ್ತಾಳ?" ಎಂದಳು.

ಈಗ ಅದು ಭಾಲ್ಕಿಯ ನನ್ನ ಅಡುಗೆಮನೆಯ ಕಿಟಕಿಯಲ್ಲಿದೆ. ಮರಳು ತಳಕ್ಕಿಳಿದು ನೀರು ತಿಳಿಯಾಗಿದೆ. ಬಂದವರು ಕುಡಿಯುವ ನೀರೆಂದು ಕೈಚಾಚುತ್ತಾರೆ. ಬ್ಯಾಡ್ರಿ, ಅದು ಒಬ್ಬರಿಗೆ ಕೊಡೂದದ, ಎನ್ನುತ್ತೇನೆ.