ಹಿಂದಿನ ಟೈರಿನ ಮರ್ಯಾದೆ

ನನ್ನ ಭಾವನ ಮೇಲೆ ಸೇಡು ತೀರಿಸಿಕೊಳ್ಳಲೆಂದೇ ನಾನು ಟೈರುಗಳ ಬಗ್ಗೆ ಓದಲು ಶುರುಮಾಡಿದೆ. ಇದನ್ನು ಹೇಳಲು ನನಗೆ ನಾಚಿಕೆಯೇನೂ ಇಲ್ಲ.

ಭಾವ ಎಂದರೆ ಗಂಡನ ಅಣ್ಣ. ಅವರದು ಮಿಲ್ಪಿಟಾಸ್, ನಮ್ಮದು ಫ್ರೀಮಾಂಟ್. ಚಳಿಗಾಲದ ಲಾಂಗ್ ವೀಕೆಂಡಿನಲ್ಲಿ ಎರಡೂ ಮನೆಯವರು ಪುಳಿಯೋಗರೆ, ಚಪಾತಿ ಕಟ್ಟಿಕೊಂಡು ಹಿಮ ನೋಡಲು ಟಾಹೋ ಬೆಟ್ಟಗಳ ಕಡೆ ಹೋಗುವುದು ರೂಢಿ. ಕಳೆದ ವರ್ಷ ಎಲ್ಲರೂ ಅವರ ಮಿನಿವ್ಯಾನಿನಲ್ಲೇ ಹೋಗಿದ್ದೆವು. ಬರುವಾಗ ಅವರಿಗೆ ಸೊಂಟ ಹಿಡಿದುಕೊಂಡು, ಘಟ್ಟ ಇಳಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ತಿರುವಿನಲ್ಲಿ ವ್ಯಾನಿನ ಹಿಂಭಾಗ ತಾನಾಗಿಯೇ ಜಾರಿ, ಗಾಡಿ ಅಡ್ಡಡ್ಡ ತಿರುಗಿ ಹಿಮದ ಗೋಡೆಗೆ ಒರಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಭಾವ ಸೊಂಟನೋವು ಮರೆತು ಇಳಿದು ಬಂದು ನನ್ನನ್ನು ಸೀಟಿನಿಂದ ಎಬ್ಬಿಸಿದರು.

“ಹೆಂಗಸ್ರ ಕೈಗೆ ಸ್ಟೀರಿಂಗ್ ಕೊಟ್ಟಿದ್ದು ನನ್ ತಪ್ಪು” ಎಂದರು.

“ಟೈರು ಜಾರ್ತು ಭಾವ” ಎಂದೆ.

“ಹ್ಞೂ, ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ.”

ಗಂಡ ಪಕ್ಕದಲ್ಲೇ ಇದ್ದ, ಬಾಯಿ ಬಿಡಲಿಲ್ಲ. ಆಮೇಲೆ ಸತ್ಯನಾರಾಯಣ ಪೂಜೆಯಿರಲಿ, ಯಾರದೋ ಗೃಹಪ್ರವೇಶವಿರಲಿ, ಊಟಕ್ಕೆ ಕೂತರೆ ಭಾವನ ಬಾಯಲ್ಲಿ ಅದೇ ಕತೆ. ನಾನು ನಗುನಗುತ್ತಾ ಬಡಿಸುತ್ತಿದ್ದೆ, ಒಳಗೊಳಗೇ ಕುದಿಯುತ್ತಿದ್ದೆ. ಅದನ್ನಾದರೂ ತಡೆದುಕೊಳ್ಳುತ್ತಿದ್ದೆನೇನೋ. ಆದರೆ ಬೇಸಿಗೆಯಲ್ಲಿ ಮಗಳಿಗೆ ಡ್ರೈವಿಂಗ್ ಪರ್ಮಿಟ್ ಬಂದಾಗ, ಬಾ ಕಲಿಸುತ್ತೇನೆ ಎಂದು ಕರೆದರೆ ಅವಳು ಹಿಂದೆ ಸರಿದಳು.

“ಡೋಂಟ್ ಬಿ ಮ್ಯಾಡ್, ಅಮ್ಮ. ದೊಡ್ಡಪ್ಪ ಹತ್ರ ಕಲೀತೀನಿ. ನಿನ್ ಜೊತೆ ಐ ಗೆಟ್ ಸ್ಕೇರ್ಡ್.”

ಡೇಕೇರಿನಿಂದ ಹೈಸ್ಕೂಲಿನವರೆಗೆ ಅವಳನ್ನು ಕಾರಿನಲ್ಲಿ ಹೊತ್ತು ತಿರುಗಿದವಳು ನಾನು. ಈ ಮನುಷ್ಯನಿಗೆ ನನ್ನ ಮಗಳ ಕಣ್ಣೆದುರೇ ಬುದ್ಧಿ ಕಲಿಸಬೇಕೆಂದು ಅಂದೇ ತೀರ್ಮಾನಿಸಿದೆ.

ಓದಿದ ಮೇಲೆ ಗುಟ್ಟು ತಿಳಿಯಿತು. ಭಾವ ವ್ಯಾನಿನ ಮುಂದಿನ ಎರಡು ಚಕ್ರಗಳಿಗೆ ಮಾತ್ರ ಸ್ನೋ ಟೈರು ಹಾಕಿಸಿದ್ದರು. ಒಳ್ಳೆಯವನ್ನು ಮುಂದಕ್ಕೆ, ಸವೆದವನ್ನು ಹಿಂದಕ್ಕೆ ಹಾಕುವುದು ಅವರು ಮೈಸೂರಿನಿಂದ ತಂದ ಅಭ್ಯಾಸ. ಹಿಮದಲ್ಲಿ ಮುಂಭಾಗ ಕಚ್ಚಿ ಹಿಡಿದರೆ, ಹಿಡಿತವಿಲ್ಲದ ಹಿಂಭಾಗ ಸುತ್ತಿಕೊಂಡು ಮುಂದಕ್ಕೆ ಬರುತ್ತದೆ.

ಆಯುಧಪೂಜೆಗೆ ಎರಡೂ ಮನೆಯ ಕಾರುಗಳು ಭಾವನ ಡ್ರೈವ್‌ವೇಯಲ್ಲಿ ನಿಂತವು. ಅರಿಶಿನ ಕುಂಕುಮ ಹಚ್ಚುವ ನೆಪದಲ್ಲಿ ಬಗ್ಗಿ, ವ್ಯಾನಿನ ಹಿಂದಿನ ಟೈರಿನ ಗೀರುಗಳಲ್ಲಿ ಉಗುರಿಟ್ಟು ನೋಡಿದೆ. ಅವೇ ಹಳೆಯವು. ಭಾವ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾ, “ಈ ಸಲಾನೂ ಮುಂದಿನ ಎರಡಕ್ಕೆ ಸ್ನೋ ಟೈರ್ ಹಾಕಿಸ್ತೀನಿ, ಸಾಕು. ಇಂಜಿನ್ ಎಳೆಯೋದು ಅವನ್ನೇ ತಾನೇ” ಎಂದರು.

“ಹೌದು ಭಾವ” ಎಂದೆ. ಬೇಕೆಂದೇ ಎಂದೆ.

ನನ್ನ ಕಾರಿಗೆ ಆರಿಸುವುದು ಅಷ್ಟು ಸುಲಭವಿರಲಿಲ್ಲ. ನನ್ನ ಓಡಾಟವೆಲ್ಲ ಹೇವರ್ಡಿನ ಆಫೀಸಿಗೆ, ಅದೂ ಫ್ರೀವೇ ಮೇಲೆ. ನಮ್ಮ ಚಳಿಗಾಲ ಒಂದು ಸ್ವೆಟರಿಗೆ ಮುಗಿಯುತ್ತದೆ. ಅಪ್ಪಟ ಸ್ನೋ ಟೈರಿನ ಮೆದು ರಬ್ಬರು ಇಲ್ಲಿನ ರಸ್ತೆಯಲ್ಲಿ ಬೇಗ ಸವೆಯುತ್ತದೆ; ದಪ್ಪ ಹಲ್ಲಿನವು ವೇಗದಲ್ಲಿ ಊಳಿಡುತ್ತವೆ. ಕೊನೆಗೆ ವರ್ಷವಿಡೀ ಓಡಿಸಬಹುದಾದ, ಆದರೆ ಹಿಮಕ್ಕೂ ಸೈ ಎಂದು ಪಕ್ಕದಲ್ಲಿ ಬೆಟ್ಟ ಮತ್ತು ಹಿಮದ ಹರಳಿನ ಗುರುತಿರುವ ಟೈರು ಆರಿಸಿದೆ. ನಾಲ್ಕೂ ಚಕ್ರಕ್ಕೆ. ವಿಷಯ ತಿಳಿದ ಭಾವ ವಾಟ್ಸಾಪ್ ಗುಂಪಿನಲ್ಲಿ ನಗುವ ಮುಖಗಳನ್ನು ಸಾಲಾಗಿ ಹಾಕಿದರು. ನಾನು ಕೈಮುಗಿದ ಚಿತ್ರ ಹಾಕಿದೆ.

ಜನವರಿಯಲ್ಲಿ ಎರಡು ಗಾಡಿಯಲ್ಲಿ ಹೊರಟೆವು. ಮಗಳು ದೊಡ್ಡಪ್ಪನ ವ್ಯಾನು ಹತ್ತಿದಳು. ಹೋಗುವಾಗ ರಸ್ತೆ ಒಣಗಿತ್ತು. ಮಕ್ಕಳು ಜಾರಿ ಆಡುವ ಗುಡ್ಡದ ಆಚೆ ಖಾಲಿ ಪಾರ್ಕಿಂಗ್ ಜಾಗವಿತ್ತು, ಮೇಲೆಲ್ಲ ಗಟ್ಟಿಯಾದ ಹಿಮ, ಗುದ್ದಲು ಒಂದು ಕಂಬವೂ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವುದಕ್ಕೆ ಹೇಳಿಮಾಡಿಸಿದ ಜಾಗ.

“ಭಾವ, ಹಿಮದಲ್ಲಿ ಹೇಗ್ ತಿರುಗಿಸ್ಬೇಕು ಅಂತ ಮಗೂಗೆ ತೋರ್ಸಿಕೊಡಿ. ನಾವೆಲ್ಲ ಇಲ್ಲೇ ನಿಂತು ನೋಡ್ತೀವಿ” ಎಂದು ಜೇನು ಸುರಿಸಿದೆ.

ಭಾವ ಉಬ್ಬಿಹೋದರು. ಒಬ್ಬರೇ ಹತ್ತಿ, ಸ್ವಲ್ಪ ವೇಗ ಹಿಡಿದು, ಸ್ಟೀರಿಂಗ್ ತಿರುಗಿಸಿದರು. ವ್ಯಾನಿನ ಹಿಂಭಾಗ ಮೆಲ್ಲಗೆ ಪಕ್ಕಕ್ಕೆ ಹೊರಟಿತು. ಆಮೇಲೆ ಇಡೀ ಗಾಡಿ ಗಿರ್ರನೆ ತಿರುಗಿ ನಮ್ಮ ಕಡೆ ಮುಖಮಾಡಿ ನಿಂತಿತು. ಗಾಜಿನ ಹಿಂದೆ ಭಾವನ ಬಾಯಿ ತೆರೆದೇ ಇತ್ತು. ಅವರ ಹೆಂಡತಿ, ನನ್ನ ಓರಗಿತ್ತಿ, ಮಫ್ಲರನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ನನಗೆ ಹಬ್ಬದೂಟ ಉಂಡಷ್ಟು ತೃಪ್ತಿಯಾಯಿತು.

“ಇಲ್ಲಿ ನೆಲಾನೇ ಸರಿ ಇಲ್ಲ” ಎಂದರು ಭಾವ, ಇಳಿದು ಬಂದು.

ನಾನು ನನ್ನ ಕಾರು ಹತ್ತಿ, ಅದೇ ವೇಗದಲ್ಲಿ, ಅದೇ ಜಾಗದಲ್ಲಿ ತಿರುಗಿಸಿದೆ. ಕಾರು ಹೇಳಿದ ಮಾತು ಕೇಳಿತು. ಬೇಕಿಲ್ಲದಿದ್ದರೂ ಇನ್ನೊಂದು ಸುತ್ತು ಹಾಕಿ ಬಂದು ನಿಲ್ಲಿಸಿದೆ.

“ಹಿಂದಿನ ಟೈರಿಗೂ ಸ್ವಲ್ಪ ಮರ್ಯಾದೆ ಕೊಡ್ಬೇಕು ಭಾವ. ಹೋದ್ ವರ್ಷ ಜಾರಿದ್ದೂ ಅದೇ” ಎಂದೆ. ಮಗಳು ಬಗ್ಗಿ ಎರಡೂ ಗಾಡಿಯ ಹಿಂದಿನ ಚಕ್ರಗಳನ್ನು ನೋಡಿದಳು.

ಅಷ್ಟರಲ್ಲಿ ಹಿಮ ಉದುರತೊಡಗಿತು. ಭಾವ ಮಂಡಿಯೂರಿ, ಗಾಡಿ ಜಾರದಂತೆ ಚಕ್ರಗಳಿಗೆ ಸರಪಳಿ ಬಿಗಿಯಲು ಕೂತರು. ಅಂದು ಬಾಯಿ ಬಿಡದ ಗಂಡನಿಗೆ ಅಣ್ಣನ ಜೊತೆಯಲ್ಲೇ ಬಾ ಎಂದೆ. ಓರಗಿತ್ತಿ ಕರೆಯುವ ಮೊದಲೇ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದರು. ಮಗಳು ವ್ಯಾನಿನಿಂದ ತನ್ನ ಬ್ಯಾಗು ತೆಗೆದುಕೊಂಡು ಬಂದು, ನನ್ನ ಕಿಟಕಿಯ ಹತ್ತಿರ ಬಗ್ಗಿ, ಪಿಸುದನಿಯಲ್ಲಿ “ಅಮ್ಮ, ವಿಲ್ ಯು ಟೀಚ್ ಮಿ?” ಎಂದಳು.

ಕೇಳಿಸಿತು. ಎದೆ ತುಂಬಿ ಬಂತು. ಆದರೂ ಗಾಜನ್ನು ಪೂರ್ತಿ ಇಳಿಸಿ, “ಏನಂದೆ? ಕೇಳಿಸ್ಲಿಲ್ಲ. ದೊಡ್ಡಪ್ಪನ ಕಡೆ ತಿರುಗಿ ಜೋರಾಗಿ ಹೇಳು” ಎಂದೆ.